ಜಿನೋವೆಯ ಸಾನ್ ಜೋರ್ಜೊ ಸೌಧ

ಪ್ರಾಚೀನ ಕಟ್ಟಡಗಳನ್ನು ವಿಚಾರಿಸುವವರು ಬಹುಶಃ ಕಟ್ಟಿಸಿದವನ ಹೆಸರನ್ನೂ ಶಿಲ್ಪದ ರೀತಿಯನ್ನೂ ನಿರ್ಣಯಿಸಿ ವಿರಮಿಸುವರು. ಆದರೆ ಒಂದು ಮನೆಯಲ್ಲಿ ಒಬ್ಬರಾದಮೇಲೊಬ್ಬರು ಯಾರು ನೆಲಸಿದರೆಂಬುದೂ ಶಾಸನದಷ್ಟೇ ಬಲವಾದ ಪ್ರಮಾಣವಾಗಬಲ್ಲುದು. ಇದಕ್ಕೆ ಇಟಲಿಯ ರೇವುಪಟ್ಟಣವಾದ ಜಿನೋವೆಯ ಸಾನ್ ಜೋರ್ಜೊ ಸೌಧವು ಉತ್ತಮ ನಿದರ್ಶನವಾಗಿದೆ.

ಜಿನೋವೆಯು ಅರಸರಿಲ್ಲದ ಗಣರಾಜ್ಯವಾಗಿದ್ದಿತು. ಅದರ ಜನನಾಯಕನಾದ ಗುಲಿಯೆಲ್ಮೊ ಬೊಕ್ಕನೇಗ್ರನು 1260ರಲ್ಲಿ ರಾಜ್ಯಾಧಿಕಾರದ ಪೀಠವಾಗಿರಲೆಂದು ಈ ಸೌಧವನ್ನು ಕಡಲ ದಡದಲ್ಲಿ ಕಟ್ಟಿಸಿದನು. ಒಲಿವೇರಿಯೊ ಎಂಬ ಸನ್ಯಾಸಿಯು ಇದರ ಸ್ಥಪತಿ. ಕೆಳಗೆ ಕಮಾನುಗಳ ಮೊಗಸಾಲೆ; ಮೇಲೆ ಇಟ್ಟಿಗೆಯ ಗೋಡೆಯಲ್ಲಿ ಕಿರುಗಂಬಗಳಿಂದ ವಿಭಕ್ತವಾದ ಕಿಟಕಿಗಳು. ವೈರಿಗಳಾದ ವೆನಿಸಿನವರಿಗೆ ಕಾನ್‌ಸ್ಟಾಂಟಿನೋಪಲಿನಲ್ಲಿದ್ದ ಮಂದಿರವನ್ನು ಕೆಡವಿ ತಂದ ಕಲ್ಲುಗಳನ್ನೂ ಸಿಂಹಮುಖಗಳನ್ನೂ ಇದರಲ್ಲಿ ಸೇರಿಸಿದರೆಂದು ಪ್ರಸಿದ್ಧಿಯಿದೆ. ಅಂದಮೇಲೆ ಇದು ಕಾರ್ಯಾಲಯ ಮಾತ್ರವಲ್ಲ, ಜಯಸ್ತಂಭವೂ ಹೌದು.

ಬೊಕ್ಕನೇಗ್ರನು 1262ರಲ್ಲಿ ಪದಚ್ಯುತನಾದನು. ಸೌಧವು ಕ್ರಮೇಣ ಸುಂಕದ ಕಟ್ಟೆಯಾಗಿಯೂ ಸೆರೆಮನೆಯಾಗಿಯೂ ಬಳಕೆಗೆ ಬಂದಿತು. ಮಾರ್ಕೊ ಪೋಲೊ ಜಿನೋವೆಯ ಸೆರೆಯಲ್ಲಿದ್ದಾಗ 1298ರಲ್ಲಿ ತನ್ನ ಸಂಚಾರವೃತ್ತಾಂತವನ್ನು ಪೀಸಾ ನಗರದ ರುಸ್ತಿಕೆಲ್ಲೊ ಎಂಬವನಿಗೆ ಹೇಳಿ ಬರೆಯಿಸಿದನೆಂಬುದು ಆ ಗ್ರಂಥದಿಂದಲೇ ತಿಳಿದುಬರುತ್ತದೆ. ಆ ಸೆರೆಯು ಇದೇ ಸೌಧವೆಂಬುದು ಮಾತ್ರ ಐತಿಹ್ಯ.

ಮುಂದಿನ ಪರಿವರ್ತನೆಯೇ ವಿಶೇಷವಾಗಿ ಗಮನಾರ್ಹವಾದುದು. ಯುದ್ಧಗಳಿಂದ ಗಣರಾಜ್ಯದ ಸಾಲವು ಬೆಳೆಯಿತು. ಸಾಲಕೊಟ್ಟವರಿಗೆ ಬಡ್ಡಿಯ ಬದಲಾಗಿ ಸುಂಕಗಳ ಆದಾಯವನ್ನೇ ವಹಿಸಿಕೊಡಬೇಕಾಯಿತು. 1407ರಲ್ಲಿ ಇಂಥ ಉತ್ತಮರ್ಣರ ಸಂಘಗಳು ಒಂದುಗೂಡಿ ಸಾನ್ ಜೋರ್ಜೊ ಬ್ಯಾಂಕು ಏರ್ಪಟ್ಟು, ಆ ಶತಮಾನದಲ್ಲಿಯೇ ಈ ಸೌಧದಲ್ಲಿ ನೆಲೆಗೊಂಡಿತು. 1453ರಲ್ಲಿ ಕಾರ್ಸಿಕಾ ದ್ವೀಪದ ಮತ್ತು ಕಪ್ಪುಸಮುದ್ರದ ಕಾಫಾ ನಗರದ ಆಡಳಿತವನ್ನೂ ಗಣರಾಜ್ಯವು ಅದಕ್ಕೆ ಒಪ್ಪಿಸಿತು. ಅಧಮರ್ಣನಾದ ಪ್ರಭು ಕಟ್ಟಿಸಿದ ಮನೆಯಲ್ಲಿ ಉತ್ತಮರ್ಣನು ಕುಳಿತು ಪ್ರಭುತ್ವವನ್ನು ನಡೆಸಿದನು!

ಸೌಧದ ರೂಪವೂ ಇದಕ್ಕೆ ಸಾಕ್ಷಿಯಾಗಿದೆ. 16ನೆಯ ಶತಮಾನದ ಉತ್ತರಾರ್ಧದಲ್ಲಿ ಕಡಲ ಕಡೆಗೆ ಹೊಸ ಭಾಗವನ್ನು ಸೇರಿಸಿದರು. 1606ರಿಂದ 1608ರವರೆಗೆ ಲಾತ್ಸಾರೊ ತಾವರೋನೆ ಎಂಬ ಚಿತ್ರಕಾರನು ಅದರ ಹೊರಗೋಡೆಯನ್ನು ವರ್ಣಚಿತ್ರಗಳಿಂದ ತುಂಬಿದನು. ಘಟಸರ್ಪವನ್ನು ಕೊಲ್ಲುವ ಸಂತ ಜಾರ್ಜನು ಅವುಗಳ ಮಧ್ಯದಲ್ಲಿದ್ದಾನೆ. ಒಳಗಿನ ಸಭಾಂಗಣದಲ್ಲಿ ರಾಜರ ಪ್ರತಿಮೆಗಳಿಲ್ಲ. ತಮ್ಮ ಬ್ಯಾಂಕಿನ ಪಾಲುಗಳನ್ನು ಲೋಕೋಪಕಾರಕ್ಕಾಗಿ ಬಿಟ್ಟ ದಾನಿಗಳ ಪ್ರತಿಮೆಗಳಿವೆ. ನಮ್ಮ ದೇವಾಲಯಗಳ ದಾನಶಾಸನಗಳು ಮಾಡುವ ಕೆಲಸವನ್ನು ಅಲ್ಲಿ ಪ್ರತಿಮೆಗಳು ಮಾಡುತ್ತವೆ.

ಜಿನೋವೆಯು ಫ್ರಾನ್ಸಿನ ವಶವಾದಾಗ, 1805ರಲ್ಲಿ, ಬ್ಯಾಂಕು ರದ್ದಾಯಿತು. 19ನೆಯ ಶತಮಾನದಲ್ಲಿ ಬೀದಿಯ ವಿಸ್ತಾರಕ್ಕಾಗಿ ಸೌಧವನ್ನೇ ಕೆಡವಬೇಕೆಂಬ ಪ್ರಯತ್ನವು ನಡೆದರೂ ಅದು ಉಳಿದುಕೊಂಡಿತು. ಆಲ್ಫ್ರೇದೊ ದಾಂದ್ರಾದೆ ಹಳೆಯ ಭಾಗವನ್ನು ಜೀರ್ಣೋದ್ಧಾರ ಮಾಡಿದನು. 1903ರಲ್ಲಿ ಸ್ಥಾಪಿತವಾದ ಬಂದರಿನ ಆಡಳಿತಮಂಡಲಿಯು ಇಲ್ಲಿ ನೆಲೆಗೊಂಡಿತು. ಇಂದಿಗೂ ಬಂದರಿನ ಆಡಳಿತದ ಪೀಠ ಇದೇ. ಮಾಸಿಹೋದ ಹೊರಚಿತ್ರಗಳನ್ನು 20ನೆಯ ಶತಮಾನದಲ್ಲಿ ಪುನಃ ಬರೆಯಲಾಯಿತು.

ಅಂದು ಈ ಸೌಧವು ಕೆಡವಲ್ಪಟ್ಟಿದ್ದರೆ ಬ್ಯಾಂಕಿನ ಲೆಕ್ಕದ ಪುಸ್ತಕಗಳು ಉಳಿಯುತ್ತಿದ್ದುವು. ಆದರೆ ಒಂದು ರಾಜ್ಯದ ಅಧಿಕಾರವು ಯುದ್ಧದಿಂದಲ್ಲದೆ ಋಣದಿಂದ ಹಸ್ತಾಂತರಗೊಂಡುದನ್ನು ಕಣ್ಣಿಗೆ ಕಾಣುವಂತೆ ತೋರಿಸುವ ಪ್ರಮಾಣವು ನಷ್ಟವಾಗುತ್ತಿದ್ದಿತು.