ವಂಶದ ಹೆಸರು, ಹೊರಗಿನ ಶಿಷ್ಯ

ತೈ ಚಿ ವಿದ್ಯೆಯ ಐದು ಪ್ರಧಾನ ಸಂಪ್ರದಾಯಗಳೂ ಮನೆತನಗಳ ಹೆಸರನ್ನೇ ಧರಿಸಿರುವುದರಿಂದ, ತಂದೆಯಿಂದ ಮಗನಿಗೆ ಬಂದ ಕುಲಧನವಾಗಿಯೇ ಅದು ಉಳಿಯಿತೆಂದು ಊಹಿಸುವುದು ಸಹಜ. ಆದರೆ ಆ ವಿದ್ಯೆಯ ಇತಿಹಾಸವನ್ನು ಅನುಸರಿಸಿ ನಡೆದವರಿಗೆ ಗೋಚರಿಸುವುದು ಬೇರೊಂದು ಸಂಗತಿ. ಚೆನ್ ಮನೆತನದ ಮೂಲ ಶಾಖೆಯೊಂದನ್ನು ಬಿಟ್ಟರೆ ಉಳಿದ ನಾಲ್ಕೂ ಹುಟ್ಟಿದ್ದು, ಗುರುವಾದವನು ತನ್ನ ರಕ್ತಸಂಬಂಧವಿಲ್ಲದವನೊಬ್ಬನಿಗೆ ಮನಸ್ಸು ಬಿಚ್ಚಿ ಕಲಿಸಿದ್ದರಿಂದ.

ಹೆನಾನ್ ಪ್ರಾಂತದ ವೆನ್ ಸೀಮೆಯ ಚೆನ್‌ಜಿಯಾಗೋ ಗ್ರಾಮವೇ ಈ ವಿದ್ಯೆಯ ತವರು. ವೂಡಾಂಗ್ ಪರ್ವತದ ಸಿದ್ಧನಾದ ಜಾಂಗ್ ಸಾನ್‌ಫೆಂಗನು ಹಕ್ಕಿ ಮತ್ತು ಹಾವುಗಳ ಹೋರಾಟವನ್ನು ಕಂಡು ಇದನ್ನು ಸೃಷ್ಟಿಸಿದನೆಂಬ ಐತಿಹ್ಯವು ರಮ್ಯವಾದುದೇ ಹೌದು. ಆದರೆ 1930ರ ದಶಕದಲ್ಲಿ ಆ ಗ್ರಾಮಕ್ಕೆ ಹೋಗಿ ವಂಶಾವಳಿಗಳನ್ನು ಶೋಧಿಸಿದ ಇತಿಹಾಸಕಾರ ಟಾಂಗ್ ಹಾವೊ, ಮಿಂಗ್ ರಾಜ್ಯದ ಅವಸಾನಕಾಲದ ಯೋಧನೂ ಚೆನ್ ಕುಲದ ಒಂಬತ್ತನೆಯ ತಲೆಮಾರಿನವನೂ ಆದ ಚೆನ್ ವಾಂಗ್‌ಟಿಂಗನೇ ಇದರ ಕರ್ತೃವೆಂದು ನಿರ್ಣಯಿಸಿದರು. ಎಲ್ಲರೂ ಇದನ್ನು ಒಪ್ಪಿಲ್ಲವಾದರೂ, ಹದಿನಾರನೆಯ ಶತಮಾನದ ಸೇನಾಪತಿ ಚಿ ಜಿಗುವಾಂಗನು ಸೈನಿಕರಿಗಾಗಿ ಬರೆದಿಟ್ಟ 32 ವರಸೆಗಳಲ್ಲಿ ಬಹುಪಾಲು ಚೆನ್ ಮನೆತನದ ಅಭ್ಯಾಸದಲ್ಲಿ ಕಾಣಿಸುವುದನ್ನು ನೋಡಿದಾಗ, ತಪಸ್ವಿಯ ಕನಸಿಗಿಂತ ರಣರಂಗದ ಅನುಭವವೇ ಇದರ ಮೂಲವೆಂದು ನನಗೆ ತೋರುತ್ತದೆ.

ಹದಿನಾಲ್ಕನೆಯ ತಲೆಮಾರಿನ ಚೆನ್ ಚಾಂಗ್‌ಷಿಂಗ್ (1771–1853), ಯೋಂಗ್‌ನಿಯಾನ್ ಊರಿನಿಂದ ಬಂದ ಯಾಂಗ್ ಲುಚಾನ್ ಎಂಬ ಬಡವನನ್ನು ಶಿಷ್ಯನನ್ನಾಗಿ ಸ್ವೀಕರಿಸಿದನು. ಗೋಡೆಯ ಮರೆಯಿಂದ ಕದ್ದು ನೋಡಿ ಕಲಿತನೆಂಬ ಕಥೆ ಜನಪ್ರಿಯವಾದುದು. ಆದರೆ ಅಪರಿಚಿತನಿಗೆ ಕಲಿಸಲು ಒಪ್ಪಿದ ಆ ಗುರುವಿನ ಔದಾರ್ಯವನ್ನು ಅದು ಮರೆಮಾಡುತ್ತದೆಂಬುದೇ ನನ್ನ ಅಸಮಾಧಾನ. ಯಾಂಗ್ ಲುಚಾನ್ ಮುಂದೆ ಬೀಜಿಂಗಿಗೆ ಹೋಗಿ ಮಂಚೂ ಪ್ರಭುಗಳಿಗೆ ಕಲಿಸಿ, ‘ಅಜೇಯ ಯಾಂಗ್’ ಎಂಬ ಬಿರುದನ್ನು ಪಡೆದನು. ಸುಖಜೀವಿಗಳಾದ ಆ ಪ್ರಭುಗಳಿಗೋಸ್ಕರವೇ ಅವನು ವಿದ್ಯೆಯನ್ನು ಮೃದುಗೊಳಿಸಿದನೆಂದು ಹೇಳುವುದುಂಟು. ನಾನದನ್ನು ನಂಬಲಾರೆ, ಏಕೆಂದರೆ ಇಂದು ನಾವು ಯಾಂಗ್ ಪದ್ಧತಿಯೆಂದು ಕರೆಯುವ, ವಿಶಾಲವೂ ಮಂದಗತಿಯದೂ ಸಮಪ್ರವಾಹವುಳ್ಳದ್ದೂ ಆದ ರೂಪವನ್ನು ಸ್ಥಿರಗೊಳಿಸಿದವನು ಅವನ ಮೊಮ್ಮಗನಾದ ಯಾಂಗ್ ಚೆಂಗ್‌ಫು (1883–1936). ಅದೇ ಮನೆಯಲ್ಲಿ ಬೆಳೆದ ಅಣ್ಣ ಶಾವೊಹೋವಿನ ಅಭ್ಯಾಸವೋ ಸಣ್ಣ ಚೌಕಟ್ಟಿನದು, ಚುರುಕಾದುದು.

ಭೇದಗಳನ್ನು ಅರಿಯಲು ‘ಒಂಟಿ ಚಾವಟಿ’ ಎಂಬ ಒಂದೇ ವರಸೆಯನ್ನು ನೋಡಿದರೆ ಸಾಕು. ಚೆನ್ ಪದ್ಧತಿಯವನು ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಕೆಲಸದಿಂದಲೇ ಹೆಸರು ಪಡೆದ ಸುರುಳಿಚಲನೆಯಿಂದ ಸೊಂಟವನ್ನು ತಿರುಗಿಸುತ್ತ, ತಗ್ಗಾಗಿ ಕುಳಿತು ಕೈಗಳನ್ನು ಹರಡುತ್ತಾನೆ. ಯಾಂಗ್ ಪದ್ಧತಿಯಲ್ಲಿ ಎಡಮಂಡಿ ಮುಂದಕ್ಕೆ ಬಾಗಿ, ಬಲಗೈ ಬೆರಳುಗಳು ಕೊಕ್ಕೆಯಂತೆ ಕೂಡಿಕೊಂಡು, ಎಡ ಅಂಗೈ ನಿಧಾನವಾಗಿ ಮುಂದೆ ಸಾಗುತ್ತದೆ. ಸುನ್ ಪದ್ಧತಿಯಲ್ಲಿ ಕೊಕ್ಕೆಯೇ ಇಲ್ಲ. ಎರಡು ಅಂಗೈಗಳೂ ತೆರೆದೇ ಇರುತ್ತವೆ.

ಯಾಂಗನ ಊರಿನವನೇ ಆದ ವೂ ಯೂಷಿಯಾಂಗ್ (1812–1880) ಸಿರಿವಂತರ ಮನೆಯ ವಿದ್ವಾಂಸ. ಯಾಂಗನಿಂದ ಕಲಿತುದು ಸಾಲದೆ, 1852ರಲ್ಲಿ ಜಾವೊಬಾವೊ ಗ್ರಾಮದ ಚೆನ್ ಚಿಂಗ್‌ಪಿಂಗನಲ್ಲಿಗೆ ಹೋಗಿ ಅವನು ಅಭ್ಯಾಸ ಮಾಡಿದನು. ಅಧಿಕಾರಿಯಾಗಿದ್ದ ಅವನ ಅಣ್ಣನಿಗೆ ಉಪ್ಪಿನಂಗಡಿಯೊಂದರಲ್ಲಿ ಹಳೆಯ ಹಸ್ತಪ್ರತಿ ಸಿಕ್ಕಿತೆಂದು ಹೇಳುವರು. ತೈ ಚಿಗೆ ಶಾಸ್ತ್ರಗ್ರಂಥವೆನ್ನಬಹುದಾದ ಬರಹಗಳು ಲೋಕಕ್ಕೆ ತಿಳಿದುದು ಈ ಮನೆಯ ಮೂಲಕವೇ. ನೆಟ್ಟನೆಯ ನಿಲುವಿನ, ಸಣ್ಣ ಚಲನೆಗಳ ಅವನ ಪದ್ಧತಿಯಲ್ಲಿ ಹೊರಗಿನ ಬಲಕ್ಕಿಂತ ಒಳಗಿನ ಅವಧಾನಕ್ಕೆ ಹೆಚ್ಚು ಬೆಲೆ. ಅದು ಸೋದರಳಿಯ ಲಿ ಯಿಯೂವಿನಿಂದ ಹಾವೊ ವೈಜೆನ್‌ಗೆ ಬಂದಿತು. ಹಾವೊ ಬೀಜಿಂಗಿನಲ್ಲಿ ಅಸ್ವಸ್ಥನಾಗಿ ಬಿದ್ದಾಗ ಅವನ ಶುಶ್ರೂಷೆ ಮಾಡಿದವನು ಸುನ್ ಲುಟಾಂಗ್ (1860–1933). ಐವತ್ತು ದಾಟಿದ, ಶಿಂಗ್‌ಯಿ ಮತ್ತು ಬಾಗುವಾ ವಿದ್ಯೆಗಳಲ್ಲಿ ಆಗಲೇ ಪ್ರಸಿದ್ಧನಾಗಿದ್ದ ಆ ಮಹನೀಯನು ಮತ್ತೆ ವಿದ್ಯಾರ್ಥಿಯಾಗಿ ಕುಳಿತದ್ದನ್ನು ನೆನೆದಾಗಲೆಲ್ಲ ನನಗೆ ಗೌರವ ಮೂಡುತ್ತದೆ. ಒಂದು ಪಾದ ಮುಂದಾದೊಡನೆ ಇನ್ನೊಂದು ಅದನ್ನು ಹಿಂಬಾಲಿಸುವ ಸುನ್ ಪದ್ಧತಿಯ ಚುರುಕು ಹೆಜ್ಜೆಯಲ್ಲಿ ಅವನ ಪೂರ್ವಾಭ್ಯಾಸದ ಗುರುತು ಉಳಿದಿದೆ.

ಐದನೆಯದಾದ ಇನ್ನೊಂದು ವೂ ಪದ್ಧತಿಯು ಯಾಂಗರ ಶಿಷ್ಯನಾದ ಮಂಚೂ ಕಾವಲುಭಟ ಚುವಾನ್ಯೂವಿನ ಮಗ ವೂ ಜಿಯಾನ್‌ಚುವಾನ್‌ನದು. ಶರೀರವನ್ನು ತುಸು ಮುಂದಕ್ಕೆ ಬಾಗಿಸುವುದು ಅದರ ಲಕ್ಷಣ.

1928ರಲ್ಲಿ ಚೆನ್ ಫಾಕೆ ತನ್ನ ಗ್ರಾಮದಿಂದ ಬೀಜಿಂಗಿಗೆ ಬಂದಾಗ, ಸಮಗತಿಯ ತೈ ಚಿಯನ್ನೇ ಕಂಡು ರೂಢಿಯಾಗಿದ್ದವರು ಆತನ ಪಾದಾಘಾತವನ್ನೂ ಥಟ್ಟನೆ ಸಿಡಿಯುವ ಬಲವನ್ನೂ ನೋಡಿ ಬೆರಗಾದರು. ಮುಂದೆ 1956ರಲ್ಲಿ ಸರಕಾರವು ಜನಸಾಮಾನ್ಯರಿಗೆಂದು 24 ವರಸೆಗಳ ಸಂಕ್ಷಿಪ್ತ ಪಾಠವನ್ನು ಸಿದ್ಧಪಡಿಸಿದಾಗ ಆಧಾರವಾಗಿ ಆರಿಸಿಕೊಂಡದ್ದು ಯಾಂಗ್ ಪದ್ಧತಿಯನ್ನು. ಆದರೂ ಚೆನ್ ಫಾಕೆ 1957ರಲ್ಲಿ ತೀರಿಕೊಳ್ಳುವವರೆಗೆ ಬೀಜಿಂಗಿನಲ್ಲಿಯೇ ಕಲಿಸುತ್ತಿದ್ದನು. ಅವನ ವಿದ್ಯೆಯನ್ನು ಮುಂದಕ್ಕೆ ಒಯ್ದ ಹಾಂಗ್ ಜುನ್‌ಷೆಂಗ್, ಫೆಂಗ್ ಝಿಚಿಯಾಂಗ್ ಇಬ್ಬರೂ ಚೆನ್ ಕುಲದವರಾಗಿರಲಿಲ್ಲ.