ಟ್ಯಾಬ್ಲೇಚರ್ ಲಿಪಿಯಲ್ಲಿ ಕಾಲಮಾನ: ಬರೆದದ್ದು ಮತ್ತು ಉಳಿದದ್ದು

ಗಿಟಾರ್ ಹಾಗೂ ಅದರ ಸೋದರ ವಾದ್ಯಗಳಿಗಾಗಿ ಯುರೋಪಿನಲ್ಲಿ ರೂಪುಗೊಂಡ ಟ್ಯಾಬ್ಲೇಚರ್ ಲಿಪಿಯು ಸ್ವರವನ್ನು ಹೆಸರಿಸುವುದಿಲ್ಲ. ಬೆರಳಿಡಬೇಕಾದ ಸ್ಥಾನವನ್ನು ತೋರಿಸುತ್ತದೆ. ಇಟಲಿ ಮತ್ತು ಸ್ಪೇನಿನ ಪದ್ಧತಿಯಲ್ಲಿ ಗೆರೆಗಳು ತಂತಿಗಳನ್ನೂ ಅಂಕಿಗಳು ಮೆಟ್ಟುಗಳನ್ನೂ ಸೂಚಿಸುತ್ತವೆ. ಸ್ಥಾನವನ್ನು ಇಷ್ಟು ಖಚಿತವಾಗಿ ನಿರ್ದೇಶಿಸುವ ಈ ಲಿಪಿಯು ಕಾಲವನ್ನು ಹೇಗೆ ದಾಖಲಿಸಿತು, ಯಾವುದನ್ನು ವಾದಕನ ಅರಿವಿಗೆ ಬಿಟ್ಟಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವೆನಿಸ್ ನಗರದಲ್ಲಿ ಪೆಟ್ರುಚ್ಚಿಯು 1507ರಲ್ಲಿ ಮುದ್ರಿಸಿದ ಸ್ಪಿನಾಚಿನೊನ ಲ್ಯೂಟ್ ಸಂಪುಟಗಳಲ್ಲಿ ಕಾಲಸೂಚಕ ಚಿಹ್ನೆಗಳು ಗೆರೆಗಳ ಮೇಲ್ಭಾಗದಲ್ಲಿವೆ. ನಿಂತ ಕಡ್ಡಿಗೆ ಬಾಲವೊಂದು ಹೆಚ್ಚಿದಂತೆ ಅವಧಿಯು ಅರ್ಧಕ್ಕಿಳಿಯುತ್ತದೆ. ಹಾಡುಗಾರಿಕೆಯ ಲಿಪಿ ತಿಳಿಯದವರಿಗಾಗಿ ಅಲ್ಲಿ ನಿಯಮಗಳನ್ನೂ ಕೊಡಲಾಗಿದೆ. ಅಂದರೆ, ಸ್ವರಲಿಪಿಯನ್ನು ಓದಲಾರದವರಿಗಾಗಿ ಬಂದ ಬರವಣಿಗೆಯು ಕಾಲಮಾನದ ಚಿಹ್ನೆಗಳನ್ನು ಮಾತ್ರ ಆ ಸ್ವರಲಿಪಿಯಿಂದಲೇ ಕಡ ಪಡೆಯಿತು. 1536ರಲ್ಲಿ ವಲೆನ್ಸಿಯಾದಲ್ಲಿ ಪ್ರಕಟವಾದ ಲೂಯಿಸ್ ಮಿಲಾನನ ‘ಎಲ್ ಮಾಯೆಸ್ತ್ರೊ’ ಕೃತಿಯು ಇದರೊಂದಿಗೆ ಲಯದ ವೇಗವನ್ನು, ತ್ವರಿತವೋ ನಿಧಾನವೋ ಎಂದು, ಮಾತುಗಳಲ್ಲಿಯೇ ಹೇಳಿತು. ಚಿಹ್ನೆಯು ಅವಧಿಗಳ ಪರಸ್ಪರ ಪ್ರಮಾಣವನ್ನು ತಿಳಿಸಬಲ್ಲದಾಗಿತ್ತೇ ಹೊರತು ವೇಗವನ್ನಲ್ಲ.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ಮೇಲಿನ ಚಿಹ್ನೆಯು ಒಂದು ಮೀಟಿನಿಂದ ಮುಂದಿನ ಮೀಟಿನವರೆಗಿನ ಅಂತರವನ್ನು ಸೂಚಿಸುತ್ತದೆಯೇ ವಿನಾ ಪ್ರತಿಯೊಂದು ತಂತಿಯ ನಾದ ಎಷ್ಟು ಕಾಲ ನಿಲ್ಲಬೇಕೆಂಬುದನ್ನಲ್ಲ. ಮಂದ್ರದ ತಂತಿಯನ್ನೂ ತಾರದ ತಂತಿಯನ್ನೂ ಒಟ್ಟಿಗೆ ಮೀಟಿದಾಗ ಎರಡಕ್ಕೂ ಇರುವುದು ಒಂದೇ ಚಿಹ್ನೆ. ಆಧುನಿಕ ಸ್ವರಲಿಪಿಗೆ ಪರಿವರ್ತಿಸುವಾಗ ಒಬ್ಬ ಸಂಪಾದಕ ಮಂದ್ರಸ್ವರವನ್ನು ದೀರ್ಘವಾಗಿಯೂ ಇನ್ನೊಬ್ಬ ಹ್ರಸ್ವವಾಗಿಯೂ ಬರೆಯಬಹುದು. ಇಬ್ಬರೂ ಮೂಲಕ್ಕೆ ನಿಷ್ಠರೇ. ಆದರೆ ಆ ದೀರ್ಘ-ಹ್ರಸ್ವಗಳು ಸಂಪಾದಕರ ವ್ಯಾಖ್ಯಾನಗಳೇ ಹೊರತು ಮೂಲದ ಸಾಕ್ಷ್ಯಗಳಲ್ಲ.

1606ರಲ್ಲಿ ಫ್ಲಾರೆನ್ಸ್‌ನಲ್ಲಿ ಪ್ರಕಟವಾದ ಮಾಂಟೆಸಾರ್ಡೊನ ಗಿಟಾರ್ ಗ್ರಂಥವು ಬೇರೊಂದು ದಾರಿ ಹಿಡಿಯಿತು. ಅಲ್ಲಿ ಒಂದೊಂದು ಅಕ್ಷರವೂ ಒಂದೊಂದು ಸ್ವರಮೇಳದ ಬೆರಳುವಿನ್ಯಾಸ. ದೊಡ್ಡಕ್ಷರ ದೀರ್ಘಕಾಲಕ್ಕೂ ಚಿಕ್ಕಕ್ಷರ ಹ್ರಸ್ವಕಾಲಕ್ಕೂ ಸಂಕೇತವಾಯಿತು. ಆದರೆ ಮುಂದೆ ಬಂದ ಅನೇಕ ಹಾಡಿನ ಪುಸ್ತಕಗಳು ಪದ್ಯದ ಸಾಲುಗಳ ಮೇಲೆ ಬರಿಯ ಅಕ್ಷರಗಳನ್ನಿಟ್ಟು ಕಾಲಸೂಚನೆಯನ್ನು ಕೈಬಿಟ್ಟವು. ಧಾಟಿ ಬಲ್ಲವನಿಗೆ ಅದು ಬೇಕಿರಲಿಲ್ಲ.

ಆದುದರಿಂದ ಈ ಮೌನವನ್ನು ಲಿಪಿಯ ಕೊರತೆಯೆಂದು ಎಣಿಸಲಾಗದು. ಸಮುದಾಯದ ಕಿವಿಯಲ್ಲಿ ನೆಲೆಸಿದ್ದ ಲಯವನ್ನು ಬರೆಯುವ ಅಗತ್ಯವಿರಲಿಲ್ಲ ಎಂಬುದಕ್ಕೆ ಅದು ಕುರುಹು. ಇಂದು ಅಂಕಿಗಳಷ್ಟೇ ಇರುವ ಗಿಟಾರ್ ಬರವಣಿಗೆಯೂ ಓದುಗನು ಹಾಡನ್ನು ಕೇಳಿರುವನೆಂದೇ ಭಾವಿಸುತ್ತದೆ. ಕೇಳಿದವರು ಇಲ್ಲವಾದಾಗ ಅಂಕಿಗಳು ಉಳಿಯುತ್ತವೆ, ಲಯ ಅಳಿಯುತ್ತದೆ. ಮೌಖಿಕ ಪರಂಪರೆಗಳನ್ನು ಲಿಪಿಗಿಳಿಸುವ ಸಂಶೋಧಕರು ಮೂಲ ಬರಹವನ್ನೂ ಪರಿವರ್ತಿತ ರೂಪವನ್ನೂ ಜೊತೆಯಲ್ಲಿಯೇ ಪ್ರಕಟಿಸಬೇಕಾದುದು ಈ ಕಾರಣಕ್ಕಾಗಿಯೇ.