ಅಂಕಿಗಳು ಹಡಗೇರಿದ ನಗರ: ಬಿಜಾಯ

ನೀವು ದಿನನಿತ್ಯ ಬರೆಯುವ 1, 2, 3 ಎಂಬ ಅಂಕಿಗಳು ಯುರೋಪನ್ನು ತಲುಪಿದ್ದು ಹೇಗೆಂದು ಎಂದಾದರೂ ಯೋಚಿಸಿದ್ದೀರಾ? ಅದನ್ನು ತಿಳಿಯಲು ಮೆಡಿಟರೇನಿಯನ್ ಸಮುದ್ರದ ದಡದಲ್ಲಿರುವ ಅಲ್ಜೀರಿಯದ ಬಿಜಾಯ ನಗರಕ್ಕೆ ಹೋಗಬೇಕು. ಗುರಾಯ ಬೆಟ್ಟದ ಬುಡದಲ್ಲಿರುವ ಈ ಬಂದರು ಬಹಳ ಹಳೆಯದು. ರೋಮನ್ನರ ಕಾಲದಲ್ಲಿ ಇದರ ಹೆಸರು ಸಾಲ್ಡೇ.

ಆ ಕಾಲದ ಒಂದು ಘಟನೆ ಸ್ವಾರಸ್ಯಕರವಾಗಿದೆ. ಊರಿಗೆ ನೀರು ತರಲು ಬೆಟ್ಟದ ಎರಡೂ ಬದಿಗಳಿಂದ ಸುರಂಗ ಕೊರೆಯಲಾಯಿತು. ಆದರೆ ಎರಡೂ ತಂಡಗಳು ದಾರಿ ತಪ್ಪಿ ಒಂದನ್ನೊಂದು ಸಂಧಿಸಲೇ ಇಲ್ಲ! ಕೊನೆಗೆ ನೋನಿಯಸ್ ದಾತುಸ್ ಎಂಬ ಸೇನಾ ಇಂಜಿನಿಯರ್ ಬಂದು ಅಳತೆಯ ತಪ್ಪನ್ನು ಸರಿಪಡಿಸಿದನು. ಬರುವ ದಾರಿಯಲ್ಲಿ ದರೋಡೆಕೋರರು ಅವನನ್ನು ದೋಚಿದ್ದರು. ಅವನು ಈ ಎಲ್ಲ ವಿವರಗಳನ್ನು ಕೆತ್ತಿಸಿದ ಕಲ್ಲಿನ ಮೇಲೆ ತಾಳ್ಮೆ, ಧೈರ್ಯ, ಭರವಸೆ ಎಂಬ ಮೂರು ಪದಗಳಿವೆ.

ಕ್ರಿ.ಶ. 1067ರ ಸುಮಾರಿಗೆ ಹಮ್ಮಾದಿ ವಂಶದ ಅರಸ ಅನ್ನಾಸಿರ್ ಇಲ್ಲಿ ಹೊಸ ನಗರವನ್ನು ಕಟ್ಟಿ, ಅದಕ್ಕೆ ಅನ್ನಾಸಿರಿಯಾ ಎಂಬ ಹೆಸರಿಟ್ಟನು. ಮುಂದೆ ಅದು ರಾಜಧಾನಿಯಾಯಿತು. 1152ರಲ್ಲಿ ಅಲ್‌ಮೊಹದ್‌ರ ವಶವಾದ ಮೇಲೂ ಅದರ ಕೀರ್ತಿ ಕುಂದಲಿಲ್ಲ. ಸ್ಪೇನಿನ ಅಂದಲುಸ್‌ನಿಂದ ವಿದ್ವಾಂಸರು ಇಲ್ಲಿಗೆ ಬಂದು ನೆಲೆಸಿದರು. ಪ್ರಸಿದ್ಧ ಸೂಫಿ ಅಬೂ ಮದ್‌ಯನ್ ಇಲ್ಲಿ ಬೋಧಿಸಿದರು. ಇಲ್ಲಿಂದ ಜೇನುಮೇಣ ಯುರೋಪಿಗೆ ರಫ್ತಾಗುತ್ತಿತ್ತು. ಫ್ರೆಂಚರು ಇಂದಿಗೂ ಮೇಣದ ಬತ್ತಿಯನ್ನು 'ಬೂಜಿ' ಎಂದು ಕರೆಯುವುದು ಈ ಊರಿನ ಹೆಸರಿನಿಂದಲೇ!

12ನೇ ಶತಮಾನದ ಕೊನೆಯ ಭಾಗದಲ್ಲಿ ಇಟಲಿಯ ಪೀಸಾ ನಗರದ ವರ್ತಕರ ಪರವಾಗಿ ಒಬ್ಬ ಅಧಿಕಾರಿ ಇಲ್ಲಿಯ ಸುಂಕದ ಕಟ್ಟೆಯಲ್ಲಿದ್ದನು. ಅವನು ತನ್ನ ಮಗ ಲಿಯೊನಾರ್ಡೊನನ್ನು ಕರೆಸಿಕೊಂಡು ಲೆಕ್ಕ ಕಲಿಯಲು ಹಚ್ಚಿದನು. ಆ ಹುಡುಗನೇ ಮುಂದೆ ಫಿಬೊನಾಚ್ಚಿ ಎಂದು ಜಗತ್ಪ್ರಸಿದ್ಧನಾದನು. 1202ರಲ್ಲಿ ಬರೆದ 'ಲಿಬೆರ್ ಅಬಾಚಿ' ಎಂಬ ಗ್ರಂಥದಲ್ಲಿ, ಭಾರತೀಯರ ಒಂಬತ್ತು ಅಂಕಿಗಳನ್ನು ತಾನು ಬಿಜಾಯದಲ್ಲಿ ಕಲಿತೆನೆಂದು ಅವನೇ ತಿಳಿಸಿದ್ದಾನೆ.

ಇಲ್ಲಿ ಒಂದು ಮಾತನ್ನು ಗಮನಿಸಿರಿ. ಭಾರತದಲ್ಲಿ ಬ್ರಹ್ಮಗುಪ್ತ 628ರಲ್ಲಿ ಶೂನ್ಯದ ಲೆಕ್ಕಕ್ಕೆ ನಿಯಮಗಳನ್ನು ಬರೆದನು. 9ನೇ ಶತಮಾನದಲ್ಲಿ ಬಗ್ದಾದಿನ ಅಲ್ ಖ್ವಾರಿಝ್ಮಿ ಈ ಅಂಕಿಗಳ ಬಗ್ಗೆ ಗ್ರಂಥ ರಚಿಸಿ, ಇದು ಭಾರತೀಯರ ಲೆಕ್ಕವೆಂದು ಒಪ್ಪಿಕೊಂಡರು. 'ಶೂನ್ಯ'ವನ್ನು ಅರಬರು 'ಸಿಫ್ರ್' ಎಂದರು. ಅದೇ ಲ್ಯಾಟಿನ್‌ನಲ್ಲಿ 'ಝೆಫಿರಮ್' ಆಗಿ, ಕೊನೆಗೆ 'ಝೀರೋ' ಆಯಿತು. ನಮ್ಮ ಕನ್ನಡದ 'ಸೊನ್ನೆ'ಯೂ 'ಶೂನ್ಯ'ದ ಮಗುವೇ. ಎಲ್ಲವನ್ನೂ ನಾವೇ ಕಂಡುಹಿಡಿದೆವೆಂದು ಜಂಬ ಕೊಚ್ಚಿಕೊಳ್ಳುವ ಇಂದಿನವರಿಗೆ ಇದರಲ್ಲಿ ಪಾಠವಿಲ್ಲವೇ? ಯಾರಿಂದ ಕಲಿತೆವೆಂದು ಹೇಳಲು ಆ ವಿದ್ವಾಂಸರು ನಾಚಲಿಲ್ಲ. ಆದರೆ 1299ರಲ್ಲಿ ಫ್ಲಾರೆನ್ಸ್‌ನ ಹಣ ವಿನಿಮಯಗಾರರ ಸಂಘವು ಈ ಅಂಕಿಗಳನ್ನು ಲೆಕ್ಕಪುಸ್ತಕದಲ್ಲಿ ಬಳಸದಂತೆ ನಿಷೇಧಿಸಿತು. ಹೊಸತನ್ನು ಕಲಿಯಲು ಹೆದರುವವರು ಎಲ್ಲ ಕಾಲದಲ್ಲೂ ಇರುತ್ತಾರೆ!

ಮಹಾನ್ ಇತಿಹಾಸಕಾರ ಇಬ್ನ್ ಖಲ್ದೂನ್ 1365ರಲ್ಲಿ ಇಲ್ಲಿಯ ಅಮೀರನ ಮುಖ್ಯ ಆಡಳಿತಾಧಿಕಾರಿಯಾದರು. ರಾಜಕಾರ್ಯದ ಬಳಿಕ ಕಸ್ಬಾದ ಮಸೀದಿಯಲ್ಲಿ ಪಾಠ ಹೇಳುತ್ತಿದ್ದರು. ಅಷ್ಟು ದೊಡ್ಡ ಹುದ್ದೆಯಲ್ಲಿದ್ದೂ ಅವರು ಕಲಿಸುವುದನ್ನು ಬಿಡಲಿಲ್ಲ.

1510ರಲ್ಲಿ ಸ್ಪೇನಿನ ಸೇನೆ ನಗರವನ್ನು ಆಕ್ರಮಿಸಿತು. 1555ರಲ್ಲಿ ಅಲ್ಜೀರ್ಸ್‌ನ ತುರ್ಕಿ ಆಡಳಿತ ಅದನ್ನು ಮರಳಿ ಪಡೆದರೂ ಹಳೆಯ ವೈಭವ ಮರಳಲಿಲ್ಲ. 1833ರಲ್ಲಿ ಫ್ರೆಂಚರು ಬಂದರು. 1962ರಲ್ಲಿ ಅಲ್ಜೀರಿಯ ಸ್ವತಂತ್ರವಾಯಿತು. 1983ರಲ್ಲಿ ಬಿಜಾಯದಲ್ಲಿ ಮತ್ತೆ ವಿದ್ಯೆಯ ಬಾಗಿಲು ತೆರೆಯಿತು. ಅಲ್ಲಿ ವಿಶ್ವವಿದ್ಯಾಲಯ ಆರಂಭವಾಯಿತು.

ಸೈನ್ಯಗಳು ಬಂದು ಹೋದವು. ಆದರೆ ಪರದೇಶದ ವರ್ತಕನ ಮಗನೊಬ್ಬನಿಗೆ ಲೆಕ್ಕ ಹೇಳಿಕೊಟ್ಟ ಆ ಹೆಸರಿಲ್ಲದ ಶಿಕ್ಷಕನ ಕೆಲಸ ಇಂದಿಗೂ ಉಳಿದಿದೆ. ನಿಮ್ಮ ಪಕ್ಕದ ಬೆಂಚಿನವನು ಅರ್ಥವಾಗದ ಲೆಕ್ಕವೊಂದನ್ನು ಹಿಡಿದು ಬಂದಾಗ, ಅವನು ಯಾರ ಮಗನೆಂದು ಕೇಳದೆ ಹೇಳಿಕೊಡಿರಿ. ಬಿಜಾಯ ನಮಗೆ ಬಿಟ್ಟುಹೋದ ನಿಜವಾದ ಆಸ್ತಿ ಅದೇ.